ಮುನ್ನೂರು ಮಾವಿನ ಒಂದು ಮರಕ್ಕಾಗಿ: ಕೇಂದ್ರ ಕೃಷಿ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಕೃಷಿ ಮತ್ತು ರೈತರ ಕಲ್ಯಾಣ ಸಚಿವರು,
ಭಾರತ ಸರ್ಕಾರ, ನವದೆಹಲಿ

ವಿಷಯ: ಉತ್ತರ ಪ್ರದೇಶದ ಮಲಿಹಾಬಾದಿನ ಬಹುತಳಿ ಮಾವಿನ ಮರದ ಪ್ರತಿ ತಳಿಗೂ ನಕಲು ಗಿಡ ಮಾಡಿಸಿ ಕಾಪಾಡುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಕರ್ನಾಟಕದ ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರ. ಬಾದಾಮಿ, ತೋತಾಪುರಿ, ಬೇನಿಷಾ, ಮಲ್ಲಿಕಾ ಎಲ್ಲ ಸೇರಿ ನಾಲ್ಕು ಎಕರೆ ತೋಟ ಇದೆ. ಪಕ್ಕದಲ್ಲೇ ಒಂದು ಸಣ್ಣ ನರ್ಸರಿ. ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಮಾವಿಗೆ ಕಸಿ ಕಟ್ಟುತ್ತಾ ಬಂದಿದ್ದೇನೆ. ಈ ಪತ್ರ ನನ್ನ ತೋಟದ ಬಗ್ಗೆ ಅಲ್ಲ. ತೋತಾಪುರಿ ಬೆಲೆಯ ಬಗ್ಗೆಯೂ ಅಲ್ಲ, ಅದಕ್ಕೆ ಬೇರೆಯೇ ಪತ್ರ ಬೇಕು. ನಮ್ಮೂರಿನಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದಲ್ಲಿರುವ ಒಂದು ಮರಕ್ಕಾಗಿ ಬರೆಯುತ್ತಿದ್ದೇನೆ.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅನುವಾದ ಮಾಡಿಸಿಕೊಳ್ಳುವುದು ನಿಮ್ಮ ಕಚೇರಿಗೆ ಕಷ್ಟದ ಕೆಲಸವಲ್ಲ. ನಮ್ಮ ಕಡೆಯ ಬೆಳೆಗಾರರೂ ಇದನ್ನು ಓದಬೇಕು ಎನ್ನುವುದು ನನ್ನ ಆಸೆ.

ನನ್ನ ಮಗಳು ಕೆಲಸದ ಮೇಲೆ ಲಖನೌದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ನಮ್ಮ ಬಾದಾಮಿ ಕೊಯ್ಲು ಮುಗಿಸಿಕೊಂಡು, ಜೂನ್ ತಿಂಗಳಲ್ಲಿ ಅವಳನ್ನು ನೋಡಲು ಹೋಗಿದ್ದೆ. "ಅಪ್ಪಾ, ಇಮಾಂಬಾರಾ ನೋಡೋಣ ಬಾ" ಅಂದಳು. "ಅದು ನಾಳೆ ನೋಡೋಣ, ಮೊದಲು ಮಲಿಹಾಬಾದ್" ಅಂದೆ. ಕಸಿ ಕೆಲಸ ಮಾಡುವವರಿಗೆ ಆ ಊರಿನ ಹೆಸರು ಯಾತ್ರೆಯ ಊರಿನ ಹೆಸರಿದ್ದ ಹಾಗೆ. ಲಖನೌ ಬಿಟ್ಟು ಹರ್ದೋಯಿ ದಿಕ್ಕಿಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಹೋದರೆ ಸಿಗುತ್ತದೆ. ಅದೇ ದಿಕ್ಕಿನಲ್ಲೇ ಕಾಕೋರಿ. 1925ರ ಆಗಸ್ಟ್ 9ರಂದು ಬಿಸ್ಮಿಲ್, ಅಶ್ಫಾಖುಲ್ಲಾ ಅವರ ತಂಡ ಸರ್ಕಾರದ ಹಣವಿದ್ದ ರೈಲು ನಿಲ್ಲಿಸಿದ ಕಾಕೋರಿ ಅದೇ. ಅದರ ಹತ್ತಿರವೇ ದಶೇರಿ ಅನ್ನುವ ಹಳ್ಳಿ. ಇವತ್ತು ನಾವು ತಿನ್ನುವ ದಶೇರಿ ಹಣ್ಣಿಗೆಲ್ಲ ಮೂಲವಾದ ತಾಯಿಮರ ಆ ಹಳ್ಳಿಯದು. ಮುಂದೆ ಮಲಿಹಾಬಾದ್ ಬರುವ ಹೊತ್ತಿಗೆ ರಸ್ತೆಯ ಎರಡೂ ಬದಿ ಮಾವು ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಅವಧದ ನವಾಬರ ಕಾಲದಲ್ಲಿ ಪಠಾಣ ಮನೆತನಗಳು ತೋಟ ಎಬ್ಬಿಸಿದ ಊರು ಅದು. ಉರ್ದು ಕವಿ ಜೋಶ್ ಮಲಿಹಾಬಾದಿ ತಮ್ಮ ಹೆಸರಿನ ಜೊತೆ ಇಟ್ಟುಕೊಂಡ ಊರೂ ಅದೇ.

ಅಲ್ಲಿ ಅಬ್ದುಲ್ಲಾ ನರ್ಸರಿಯಲ್ಲಿ ಆ ಮರ ಇದೆ. ನೂರು ವರ್ಷ ದಾಟಿದ ಮರ. ಅದಕ್ಕೆ ಕಸಿ ಕಟ್ಟಿ ಬಹುತಳಿ ಮರ ಮಾಡಿದವರು ಹಾಜಿ ಕಲೀಮುಲ್ಲಾ ಖಾನ್. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟವರು. ಹುಡುಗನಾಗಿದ್ದಾಗಲೇ ಒಂದು ಮರಕ್ಕೆ ಏಳು ಬಗೆ ಮಾವು ಕಟ್ಟಿದ್ದರು. ಆ ಮರ ಉಳಿಯಲಿಲ್ಲ. 1987ರಲ್ಲಿ ಈ ದೊಡ್ಡ ಮರಕ್ಕೆ ಕೈ ಹಾಕಿದರು. ಒಂದೊಂದೇ ಕೊಂಬೆಗೆ, ಒಂದೊಂದೇ ತಳಿ. ಇವತ್ತು ಅದರಲ್ಲಿ ಮುನ್ನೂರಕ್ಕೂ ಜಾಸ್ತಿ ಬಗೆಯ ಮಾವು ಇವೆ. ಈ ಕೆಲಸಕ್ಕೆ ಅವರಿಗೆ 2008ರಲ್ಲಿ ಪದ್ಮಶ್ರೀ ಬಂತು. ಈಗ ಅವರಿಗೆ 80 ದಾಟಿದೆ.

ಸುದ್ದಿಯಲ್ಲಿ ಈ ಮರ ಬಂದಾಗಲೆಲ್ಲ ಹೆಸರುಗಳದ್ದೇ ಮಾತು. ಸಚಿನ್ ಹೆಸರಿನ ಮಾವು, ಐಶ್ವರ್ಯಾ ಹೆಸರಿನ ಮಾವು, ಪ್ರಧಾನಿಗಳ ಹೆಸರಿನ ಮಾವು. ನನಗೆ ಅದರಲ್ಲಿ ತಕರಾರಿಲ್ಲ. ಆದರೆ ನಾನು ಅಲ್ಲಿ ಕಂಡದ್ದು ಬೇರೆ, ಅದನ್ನು ನಿಮಗೆ ಹೇಳಬೇಕು.

ಮರದ ಕೆಳಗೆ ಹೋಗುವಾಗಲೇ ಕಣ್ಣಿಗೆ ಏನೋ ಬೇರೆ ಅನ್ನಿಸುತ್ತದೆ. ಒಂದು ತಳಿಯ ಮರ ದೂರದಿಂದ ಒಂದೇ ಬಣ್ಣ. ಇದು ಹಾಗಲ್ಲ. ಒಂದು ಕಡೆ ಕಪ್ಪು ಹಸಿರು, ಪಕ್ಕದಲ್ಲಿ ಹಳದಿ ಬೆರೆತ ಹಸಿರು, ಇನ್ನೊಂದು ಕಡೆ ಹೊಳೆಯುವ ಎಲೆ. ತಗ್ಗಿನ ಒಂದು ಕೊಂಬೆಯ ಹತ್ತಿರ ನಿಂತೆ. ಕೈಗೆ ಸಿಗುವಷ್ಟರಲ್ಲೇ ಮೂರು ಬಗೆ ಎಲೆ. ಒಂದು ಉದ್ದ, ಸಣ್ಣ, ಅಂಚು ಅಲೆ ಅಲೆ. ಇನ್ನೊಂದು ಅಗಲ, ದಪ್ಪ. ಮತ್ತೊಂದರ ತುದಿ ಸ್ವಲ್ಪ ತಿರುಚಿಕೊಂಡಿತ್ತು. ಕೆಳಗೆ ಬಿದ್ದಿದ್ದ ಹಸಿ ಎಲೆಗಳನ್ನು ಆರಿಸಿ ಹಿಸುಕಿ ಮೂಸಿದೆ. ನಮ್ಮ ಕಸುಬಿನಲ್ಲಿ ತಳಿ ಗುರುತು ಹಿಡಿಯುವುದು ಹಾಗೇ. ಒಂದರಲ್ಲಿ ಹಸಿಮಾವಿನ ಹುಳಿ ವಾಸನೆ, ಇನ್ನೊಂದರಲ್ಲಿ ಸೊನೆಯ ಘಾಟು. ಕಾಯಿಗಳೂ ಹಾಗೇ. ಒಂದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಅದರಿಂದ ಮೂರು ಗೇಣು ಆಚೆ ಎರಡೂ ಕೈಯಲ್ಲಿ ಹಿಡಿಯಬೇಕಾದಂಥ ಕಾಯಿ.

ನಾನು ಜಾಸ್ತಿ ಹೊತ್ತು ನೋಡಿದ್ದು ಗಂಟುಗಳನ್ನು. ಕಸಿ ಕೂಡಿಕೊಂಡ ಜಾಗದಲ್ಲಿ ಒಂದು ಗಂಟು ಉಳಿಯುತ್ತದೆ. ಗಂಟಿನ ಕೆಳಗಿನ ತೊಗಟೆ ಒಂದು ತರಹ ಒರಟು, ಮೇಲಿನದು ಇನ್ನೊಂದು ತರಹ. ಹೆಬ್ಬೆರಳು ಸವರಿದರೆ ಗೊತ್ತಾಗುತ್ತದೆ. ಕೆಲವು ಗಂಟು ಕೂಡಿಕೊಂಡು ಎಷ್ಟೋ ವರ್ಷ ಆಗಿದೆ, ಹುಡುಕಬೇಕು. ಕೆಲವು ಮೊನ್ನೆ ಮೊನ್ನೆಯವು. ಒಂದು ಕೊಂಬೆಯಲ್ಲಿ ಒಂದರ ಮೇಲೆ ಒಂದು ಮೂರು ಗಂಟು ಎಣಿಸಿದೆ. ಅಂದರೆ ಕಟ್ಟಿದ ತಳಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಇದು ಒಂದು ದಿನದ ಚಮತ್ಕಾರ ಅಲ್ಲ. ಹತ್ತಾರು ವರ್ಷ, ಪ್ರತಿ ಮಳೆಗಾಲ, ಏಣಿ ಹತ್ತಿ ಚಾಕು ಹಿಡಿದು ಮಾಡಿದ ಕೆಲಸ. ನನ್ನ ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅವರ ಭಾಷೆಯಲ್ಲಿ ಕಸಿಗೆ 'ಕಲಮ್' ಅನ್ನುತ್ತಾರೆ. ಬರೆಯುವ ಲೇಖನಿಗೂ ಅದೇ ಪದ. ಓರೆಯಾಗಿ ಚೂಪು ಮಾಡಿದ ಕಸಿ ಕಡ್ಡಿಯನ್ನು ನೋಡಿದರೆ ಆ ಹೆಸರು ಯಾಕೆ ಬಂತು ಎಂದು ಕೇಳಬೇಕಾಗಿಲ್ಲ.

ಮಾನ್ಯರೇ, ಕಸಿ ಅಂದರೆ ಏನು ಎಂದು ಸ್ವಲ್ಪ ಹೇಳುತ್ತೇನೆ. ನನ್ನ ಕಳವಳ ಅರ್ಥವಾಗಬೇಕಾದರೆ ಇದು ಬೇಕು. ಒಳ್ಳೆಯ ಹಣ್ಣು ತಿಂದು ಅದರ ಓಟೆ ಹಾಕಿದರೆ ಅದೇ ಹಣ್ಣು ಬರುವುದಿಲ್ಲ. ಉತ್ತರದ ಮಾವುಗಳಲ್ಲಂತೂ ಓಟೆಯಿಂದ ಹುಟ್ಟುವ ಗಿಡ ಹೊಸದೇ ಒಂದು ಗಿಡ. ತಾಯಿಯ ಗುಣ ಸ್ವಲ್ಪ, ಯಾವುದೋ ಪರಾಗದ ಗುಣ ಸ್ವಲ್ಪ. ದಶೇರಿ ದಶೇರಿಯಾಗಿಯೇ ಉಳಿಯಬೇಕಾದರೆ ಅದರ ಕಡ್ಡಿಯನ್ನೇ ಇನ್ನೊಂದು ಗಿಡಕ್ಕೆ ಕಟ್ಟಬೇಕು. ಬೇರೆ ದಾರಿ ಇಲ್ಲ. ಇನ್ನೊಂದು ವಿಷಯ. ಭತ್ತ, ರಾಗಿಯ ಬೀಜವನ್ನು ಡಬ್ಬಿಯಲ್ಲಿ ತಣ್ಣಗೆ ವರ್ಷಗಟ್ಟಲೆ ಇಡಬಹುದು. ಮಾವಿನ ಓಟೆ ಕೆಲವೇ ವಾರದಲ್ಲಿ ಹುಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಒಂದು ಮಾವಿನ ತಳಿ ಬದುಕಿದೆ ಅಂದರೆ, ಎಲ್ಲೋ ಒಂದು ಕಡೆ ಮಣ್ಣಿನಲ್ಲಿ ನಿಂತ ಹಸಿರು ಮರದಲ್ಲಿ ಬದುಕಿದೆ ಎಂದೇ ಅರ್ಥ. ಆ ಮರ ಒಂದೇ ಇದ್ದು ಅದು ಹೋದರೆ, ತಳಿಯೂ ಹೋಯಿತು.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ.

ನಮ್ಮ ತಾತ ಒಂದು ನಾಟಿ ಮರಕ್ಕೆ ಐದು ಬಗೆ ಕಟ್ಟಿದ್ದರು. ಮನೆಯ ಹಿಂದೆ, ರಸ್ತೆಗೆ ಅಂಟಿಕೊಂಡಂತೆ ಇದ್ದ ಮರ. ಬಾದಾಮಿ, ರಸಪುರಿ, ನೀಲಂ, ಸಕ್ಕರೆಗುತ್ತಿ, ಜೊತೆಗೆ ಇನ್ನೊಂದು. ಆ ಇನ್ನೊಂದಕ್ಕೆ ಹೆಸರೇ ಇರಲಿಲ್ಲ. ತಾತನ ಕಾಲದ ಹಳೇ ಬಾವಿಯ ಪಕ್ಕದಲ್ಲಿ ತಾನಾಗಿ ಹುಟ್ಟಿದ್ದ ಮರದಿಂದ ತಂದು ಕಟ್ಟಿದ್ದು. ನಾವೆಲ್ಲ ಬಾವಿಹಣ್ಣು ಅನ್ನುತ್ತಿದ್ದೆವು. ಮುಷ್ಟಿಯಷ್ಟೇ ಹಣ್ಣು, ತೆಳ್ಳನೆ ಓಟೆ, ಹಣ್ಣಾದ ಮೇಲೂ ಸಿಪ್ಪೆ ಹಸಿರಾಗಿಯೇ ಇರುತ್ತಿತ್ತು. ಎಲ್ಲ ಮಾವೂ ಮುಗಿದ ಮೇಲೆ, ಆಷಾಢದಲ್ಲಿ ಹಣ್ಣಾಗುತ್ತಿತ್ತು. ಬಾವಿ ಮುಚ್ಚಿದಾಗ ಮೂಲದ ಮರ ಹೋಯಿತು. ಹೋದರೆ ಹೋಗಲಿ, ಮನೆ ಹಿಂದೆ ಒಂದು ಕೊಂಬೆ ಇದೆಯಲ್ಲ ಎಂದು ಸುಮ್ಮನಿದ್ದೆವು.

ನಾನು ಒಂದು ವಾರ ಊರಲ್ಲಿ ಇರಲಿಲ್ಲ. ಆಗ ಒಂದು ಇಲಾಖೆಯವರು ಬಂದು, ತಂತಿಗೆ ತಾಗುತ್ತದೆ ಎಂದು ರಸ್ತೆ ಕಡೆಯ ಕೊಂಬೆ ಕಡಿದು ಹಾಕಿದ್ದರು. ಬಾವಿಹಣ್ಣಿನ ಕೊಂಬೆ ಅದೇ. ಅವರಿಗೆ ಅದು ಬರೀ ಒಂದು ಕೊಂಬೆ. ಐದು ಕೊಂಬೆಯಲ್ಲಿ ಬಾವಿಹಣ್ಣಿನದು ಯಾವುದು ಎಂದು ನಮ್ಮ ಅಮ್ಮನಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಅವರು ಆಗ ಆಸ್ಪತ್ರೆಯಲ್ಲಿದ್ದರು. ನಾನು ಬರುವಷ್ಟರಲ್ಲಿ ನಾಲ್ಕು ದಿನ ಬೇಸಿಗೆ ಬಿಸಿಲಿನಲ್ಲಿ ಬಿದ್ದಿದ್ದ ಕೊಂಬೆ ಒಣಗಿ ಸುರುಟಿತ್ತು. ಆದರೂ ಒಳಗಡೆ ಎಲ್ಲಾದರೂ ಹಸಿ ಇದ್ದೀತು ಎಂದು ತುದಿ ತುದಿ ಕೆರೆದು ನೋಡಿ, ಇಪ್ಪತ್ತು ಕಡ್ಡಿ ಆರಿಸಿ, ಇಪ್ಪತ್ತು ಗಿಡಕ್ಕೆ ಕಟ್ಟಿದೆ. ಒದ್ದೆ ಗೋಣಿ ಹೊದಿಸಿ ನೆರಳಿನಲ್ಲಿಟ್ಟೆ. ದಿನಾ ಬೆಳಿಗ್ಗೆ ಎದ್ದು ನೋಡುತ್ತಿದ್ದೆ. ಮೂರು ವಾರಕ್ಕೆ ಎಲ್ಲವೂ ಕಪ್ಪಾದವು. ಒಂದೂ ಹಿಡಿಯಲಿಲ್ಲ.

ತಪ್ಪು ಆ ಇಲಾಖೆಯದು ಮಾತ್ರ ಎಂದು ನಾನು ಹೇಳುವುದಿಲ್ಲ. ಕಸಿ ಕಟ್ಟುವುದೇ ಕಸುಬಾದ ನಾನು ಹತ್ತು ವರ್ಷದಲ್ಲಿ ಯಾವತ್ತು ಬೇಕಾದರೂ ಎರಡು ಗಿಡ ಮಾಡಿಟ್ಟುಕೊಳ್ಳಬಹುದಿತ್ತು. ಮಾಡಲಿಲ್ಲ. ಮರ ಇದೆಯಲ್ಲ ಅಂದುಕೊಂಡೆ. ಮಲಿಹಾಬಾದಿನ ಮರದ ಕೆಳಗೆ ನಿಂತಾಗ ನನಗೆ ನೆನಪಾಗಿದ್ದು ಈ ಇಪ್ಪತ್ತು ಕಪ್ಪು ಕಡ್ಡಿಗಳು. ನಮ್ಮ ಮರದಲ್ಲಿ ಇದ್ದದ್ದು ಐದು. ಅಲ್ಲಿ ಇರುವುದು ಮುನ್ನೂರು.

ನೂರು ವರ್ಷ ದಾಟಿದ ಮಾವಿನ ಮರಕ್ಕೆ ಏನೆಲ್ಲ ಆಗಬಹುದು ಎಂದು ಯಾವ ಬೆಳೆಗಾರನನ್ನು ಬೇಕಾದರೂ ಕೇಳಿ. ಕಾಂಡ ಕೊರಕ ಒಳಗೆ ಸೇರಿದರೆ ಹೊರಗೆ ಕಾಣುವುದು ಒಂದು ಹಿಡಿ ಮರದ ಪುಡಿ ಮಾತ್ರ. ಅಂಟು ಸೋರುತ್ತಾ ಸೋರುತ್ತಾ ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ. ಗೆದ್ದಲು ಇದೆ, ಬದನಿಕೆ ಇದೆ, ಸಿಡಿಲು ಇದೆ. ಮಾವು ಕಟ್ಟುವ ಹೊತ್ತಿಗೇ ಅಲ್ಲಿ ಬಿರುಗಾಳಿಯ ಕಾಲ. ಉತ್ತರದ ಕಡೆ ಇನ್ನೊಂದು ಕಾಟವೂ ಇದೆ. ಇಟ್ಟಿಗೆ ಗೂಡಿನ ಹೊಗೆ ತಾಗಿದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ, ದಶೇರಿಗೆ ಅದು ಬೇಗ ಬರುತ್ತದೆ. ಲಖನೌ ನಗರ ಬೆಳೆಯುತ್ತಿದೆ. ಊರು ಬೆಳೆದರೆ ಇಟ್ಟಿಗೆ ಬೇಕು, ನಿವೇಶನ ಬೇಕು, ಅಗಲ ರಸ್ತೆ ಬೇಕು. ನಮ್ಮ ಬೆಂಗಳೂರಿನ ಸುತ್ತ ಮಾವಿನ ತೋಪುಗಳು ಹೇಗೆ ಹೋದವು ಎಂದು ನಾವು ನೋಡಿದ್ದೇವೆ.

ಬೆಂಗಳೂರಿನ ಹತ್ತಿರ ಕೇತೋಹಳ್ಳಿಯಲ್ಲಿ ದೊಡ್ಡ ಆಲದ ಮರ ಇದೆ. ಅದರ ಮೂಲ ಕಾಂಡ ರೋಗ ಬಂದು ಹೋಗಿ ಎಷ್ಟೋ ಕಾಲವಾಯಿತು. ಆದರೂ ಮರ ಇದೆ. ಬಿಳಲುಗಳು ಅದನ್ನು ಉಳಿಸಿದವು. ಮಾವಿಗೆ ಬಿಳಲಿಲ್ಲ. ಮಲಿಹಾಬಾದಿನ ಮುನ್ನೂರು ತಳಿಯೂ ನಿಂತಿರುವುದು ಒಂದೇ ಬುಡದ ಮೇಲೆ. ಬುಡ ಹೋದ ದಿನ ಎಲ್ಲ ಕೊಂಬೆಯೂ ಒಟ್ಟಿಗೇ ಹೋಗುತ್ತವೆ.

ಇನ್ನೊಂದು ಅಪಾಯ ಕಸಿಯವರಿಗೆ ಮಾತ್ರ ಗೊತ್ತಿರುವಂಥದ್ದು. ಒಂದು ಮರದಲ್ಲಿ ಮುನ್ನೂರು ತಳಿ ಇದ್ದರೆ ಎಲ್ಲವೂ ಸಮನಾಗಿ ಬೆಳೆಯುವುದಿಲ್ಲ. ಜೋರಿನ ತಳಿ ಬಿಸಿಲು, ಸಾರ ಎರಡನ್ನೂ ಎಳೆದುಕೊಂಡು ನುಗ್ಗುತ್ತದೆ. ಮೆತ್ತಗಿನದು ನೆರಳಿಗೆ ಬಿದ್ದು ಸೊರಗುತ್ತದೆ. ಗಂಟಿನ ಕೆಳಗಿನಿಂದ ಮೂಲ ಮರದ ಚಿಗುರು ಬಂದರೆ ಅದನ್ನು ಕೂಡಲೇ ಮುರಿಯಬೇಕು, ಇಲ್ಲದಿದ್ದರೆ ಅದೇ ಕಟ್ಟಿದ ತಳಿಯನ್ನು ಮುಳುಗಿಸುತ್ತದೆ. ಹಾಗಾಗಿ ಪ್ರತಿ ವರ್ಷ ಯಾರೋ ಒಬ್ಬರು ಮರ ಹತ್ತಿ, ಯಾವುದನ್ನು ಸವರಬೇಕು, ಯಾವುದನ್ನು ಬಿಡಬೇಕು ಎಂದು ನೋಡಬೇಕು. ಅದಕ್ಕೆ ಯಾವ ಕೊಂಬೆ ಯಾವುದು ಎಂದು ಗೊತ್ತಿರಬೇಕು. ಹೂ, ಕಾಯಿ ಇಲ್ಲದ ಕಾಲದಲ್ಲೂ ಗೊತ್ತಿರಬೇಕು. ಅಷ್ಟು ಗುರುತು ಇರುವುದು ಕಟ್ಟಿದವರ ಕಣ್ಣಿನಲ್ಲಿ. ನಮ್ಮ ಮನೆಯಲ್ಲಿ ಐದೇ ಕೊಂಬೆಯ ಗುರುತು ಅಮ್ಮನೊಬ್ಬರ ತಲೆಯಲ್ಲಿತ್ತು, ಅದಕ್ಕೆ ನಾವು ಕೊಟ್ಟ ಬೆಲೆ ಮೇಲೆ ಹೇಳಿದ್ದೇನೆ. ಕಲೀಮುಲ್ಲಾ ಅವರು ನೂರ್ಕಾಲ ಬಾಳಲಿ. ಅವರ ಮನೆಯವರು ಕೈಜೋಡಿಸಿರುವುದು ಆ ಮರದ ಪುಣ್ಯ. ಆದರೆ ಇಷ್ಟು ದೊಡ್ಡ ಹೊರೆಯನ್ನು ಒಂದು ಕುಟುಂಬದ ಹೆಗಲ ಮೇಲೆ ಬಿಟ್ಟು ದೇಶ ದೂರ ನಿಲ್ಲುವುದು ಸರಿಯಲ್ಲ.

ಇಲ್ಲಿ ನಿಮ್ಮ ಸಚಿವಾಲಯದ ಮಾತು ಬರುತ್ತದೆ. ಮಲಿಹಾಬಾದಿನ ಪಕ್ಕದಲ್ಲೇ, ಕಾಕೋರಿ ಕಡೆಯ ರೆಹ್ಮಾನ್‌ಖೇಡಾದಲ್ಲಿ, ನಿಮ್ಮದೇ ಕೃಷಿ ಸಂಶೋಧನಾ ಪರಿಷತ್ತಿನ ಕೇಂದ್ರ ಉಪೋಷ್ಣ ತೋಟಗಾರಿಕೆ ಸಂಸ್ಥೆ ಇದೆ. ದೇಶದ ದೊಡ್ಡ ಮಾವು ತಳಿ ಸಂಗ್ರಹ ಇರುವ ಜಾಗ. ಕನ್ನಡಿಗರಿಗೆ ಒಂದು ವಿಷಯ ಇಲ್ಲಿ ಹೇಳಲೇಬೇಕು. ಆ ಸಂಸ್ಥೆ 1972ರಲ್ಲಿ ಶುರುವಾದದ್ದು ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಡಿಯಲ್ಲಿ, ಕೇಂದ್ರ ಮಾವು ಸಂಶೋಧನಾ ಕೇಂದ್ರ ಎಂಬ ಹೆಸರಿನಲ್ಲಿ. 1984ರಲ್ಲಿ ಅದು ಸ್ವತಂತ್ರ ಸಂಸ್ಥೆಯಾಯಿತು. ಹೆಸರಘಟ್ಟಕ್ಕೂ ಮಲಿಹಾಬಾದಿಗೂ ಇರುವ ನಂಟು ಹೊಸದಲ್ಲ.

ನಂಟು ನಮ್ಮ ತೋಟದಲ್ಲೂ ಇದೆ. ಶ್ರೀನಿವಾಸಪುರದ ಮಲ್ಲಿಕಾ ಹಣ್ಣನ್ನು ಎಲ್ಲರೂ ಇಷ್ಟಪಡುತ್ತಾರೆ. ಮಲ್ಲಿಕಾ ಬಂದದ್ದು ನೀಲಂ ಮತ್ತು ದಶೇರಿಯ ಕೂಡಿಕೆಯಿಂದ, 1970ರ ದಶಕದಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರು ಬಿಟ್ಟದ್ದು. ಅಮ್ರಪಾಲಿಯೂ ಅದೇ ಎರಡರ ಮಗು, ತಾಯಿ ತಂದೆ ಅದಲು ಬದಲು ಅಷ್ಟೇ. ಕಾಕೋರಿ ಪಕ್ಕದ ಒಂದು ಹಳ್ಳಿಯ ಮರವನ್ನು ಯಾರೋ ಉಳಿಸಿ, ಕಡ್ಡಿ ಹಂಚಿದ್ದರಿಂದ ತಾನೇ ಇವತ್ತು ನನ್ನ ಮಲ್ಲಿಕಾ ಸಂತೆಗೆ ಹೋಗುತ್ತಿದೆ? ಮುಂದೆ ಯಾವ ತಳಿ ಯಾವ ರೋಗಕ್ಕೆ, ಯಾವ ಬರಕ್ಕೆ ಬೇಕಾಗುತ್ತದೋ ಈಗಲೇ ಹೇಳಲು ಯಾರಿಗೂ ಆಗುವುದಿಲ್ಲ. ನಮ್ಮ ದೇಶದಲ್ಲಿ ಸಾವಿರದಷ್ಟು ಮಾವಿನ ತಳಿಗಳಿವೆ ಎನ್ನುತ್ತಾರೆ. ಮಾರುಕಟ್ಟೆಗೆ ಬರುವುದು ಇಪ್ಪತ್ತು ಮೂವತ್ತು ಮಾತ್ರ. ಉಳಿದವನ್ನು ಮಾರುಕಟ್ಟೆ ಕಾಪಾಡುವುದಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು.

ಆ ಮರದ ಪ್ರತಿ ತಳಿಗೂ ನಕಲು ಗಿಡ ಆಗಬೇಕು. ಒಂದೊಂದಕ್ಕೆ ಕನಿಷ್ಠ ನಾಲ್ಕು ಗಿಡ, ಕನಿಷ್ಠ ಎರಡು ಬೇರೆ ಬೇರೆ ಜಾಗದಲ್ಲಿ. ರೆಹ್ಮಾನ್‌ಖೇಡಾದಲ್ಲಿ ಒಂದು, ಹೆಸರಘಟ್ಟದಲ್ಲಿ ಒಂದು ಎಂದಾದರೆ ಎಷ್ಟು ಚೆನ್ನ! ಅಲ್ಲಿ ಬಿರುಗಾಳಿ ಬಂದರೆ ಇಲ್ಲಿ ಉಳಿದಿರುತ್ತದೆ. ಇದೇನು ದೊಡ್ಡ ಯೋಜನೆಯಲ್ಲ. ಕಡ್ಡಿ ಕೊಯ್ಯುವ ಹತ್ತು ದಿನ ಮುಂಚೆ ಎಲೆ ಕತ್ತರಿಸಿ ಬಿಟ್ಟರೆ ಚಿಗುರೊಡೆಯುವ ಕಣ್ಣು ಉಬ್ಬುತ್ತದೆ. ಬುಡಗಿಡ ಅಂದರೆ ಬೇರು ಕೊಡುವ ಕೆಳಗಿನ ಗಿಡ, ಅದರಷ್ಟೇ ದಪ್ಪದ ಕಡ್ಡಿ ತೆಗೆದು, ಎರಡೂ ಕಡೆ ಓರೆಯಾಗಿ ಸವರಿ, ಸೀಳಿದ ಬುಡಗಿಡದಲ್ಲಿ ಕೂರಿಸಿ, ಸಿಪ್ಪೆಗೆ ಸಿಪ್ಪೆ ತಾಗುವ ಹಾಗೆ ನೋಡಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ಆಯಿತು. ಕೈ ಪಳಗಿದವರು ದಿನಕ್ಕೆ ನೂರಾರು ಕಟ್ಟುತ್ತಾರೆ. ಒಂದೆರಡು ಮಳೆಗಾಲ ಸಾಕು. ಈ ತಳಿಗಳಲ್ಲಿ ನಿಮ್ಮ ಸಂಗ್ರಹದಲ್ಲಿ ಈಗಾಗಲೇ ಯಾವುವು ಇವೆ, ಯಾವುವು ಇಲ್ಲ ಎನ್ನುವ ಪಟ್ಟಿಯನ್ನು ಜನರ ಮುಂದೆ ಇಡಿ. ಹಳೇ ತಳಿಗಳು ಬೇರೆ ಕಡೆಯೂ ಸಿಗಬಹುದು. ಕಲೀಮುಲ್ಲಾ ಅವರೇ ಹುಟ್ಟಿಸಿದವು ಬೇರೆ ಕಡೆ ಎಲ್ಲಿಂದ ಬರಬೇಕು? ಎರಡು ಬಗೆ ಸಿಪ್ಪೆ, ಎರಡು ಬಗೆ ತಿರುಳು ಇರುವ ಅನಾರ್ಕಲಿ ಎಂಬ ಮಾವಿನ ಬಗ್ಗೆ ಓದಿದ್ದೇನೆ. ಅಂಥವನ್ನು ಮೊದಲು ನೋಡಿಕೊಳ್ಳಬೇಕು.

ಜೊತೆಗೇ ಆಗಬೇಕಾದ ಕೆಲಸ ದಾಖಲೆ. ಒಬ್ಬ ವಿಜ್ಞಾನಿ, ಒಬ್ಬ ಫೋಟೋ ತೆಗೆಯುವವರು, ಕುಟುಂಬದ ಒಬ್ಬರು, ಮೂವರೂ ಒಂದು ವರ್ಷ ಪೂರ್ತಿ ಆ ಮರವನ್ನು ಹಿಂಬಾಲಿಸಲಿ. ಚಿಗುರು, ಹೂ, ಕಾಯಿ, ಹಣ್ಣು, ಓಟೆ. ಪ್ರತಿ ಕೊಂಬೆಗೂ ಒಂದು ನಂಬರ್, ಆ ನಂಬರಿಗೆ ಒಂದು ಪುಟ. ಮೊಳೆ ಹೊಡೆದು ತಗಡು ತೂಗುಹಾಕಬೇಡಿ, ದಯವಿಟ್ಟು. ಸಡಿಲವಾಗಿ ಕಟ್ಟುವ ಪಟ್ಟಿ ಸಾಕು, ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟಬೇಕು, ಇಲ್ಲದಿದ್ದರೆ ಅದೇ ಕೊಂಬೆಯನ್ನು ಕೊಯ್ಯುತ್ತದೆ. ಕಲೀಮುಲ್ಲಾ ಅವರ ಬಾಯಿಂದಲೇ ಪ್ರತಿ ತಳಿಯ ಕಥೆಯನ್ನು, ಎಲ್ಲಿಂದ ತಂದದ್ದು, ಯಾವಾಗ ಕಟ್ಟಿದ್ದು ಎನ್ನುವುದನ್ನು ಉರ್ದುವಿನಲ್ಲೋ ಹಿಂದಿಯಲ್ಲೋ ಬರೆದಿಡಿ. ಬೇರೆ ಭಾಷೆಗೆ ಆಮೇಲೆ ನಾವೆಲ್ಲ ತಂದುಕೊಳ್ಳುತ್ತೇವೆ.

ಮರ ಖಾಸಗಿ ಆಸ್ತಿ, ಸರ್ಕಾರ ಹೇಗೆ ಕೈ ಹಾಕುವುದು ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಆ ಮಾತು ಸರಿಯೇ. ಮರ ಅವರದು, ಅವರದ್ದಾಗಿಯೇ ಇರಲಿ. ಸ್ವಾಧೀನ, ಬೇಲಿ, ಟಿಕೆಟ್ ಯಾವುದೂ ಬೇಡ. ಆದರೆ ನಿಮ್ಮ ಮನೆಯಲ್ಲೇ ಒಂದು ಒಳ್ಳೆಯ ದಾರಿ ಇದೆ. ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ಒಬ್ಬ ರೈತರ ತೋಟದ ಒಂದೇ ಒಂದು ಹಲಸಿನ ಮರ, ಕೆಂಪು ತೊಳೆಯದು. ಹೆಸರಘಟ್ಟದ ಸಂಸ್ಥೆ ಅದನ್ನು ಗುರುತಿಸಿ, ಆ ರೈತರ ತಂದೆಯ ನೆನಪಿಗೆ 'ಸಿದ್ದು' ಎಂದು ಹೆಸರಿಟ್ಟು, ಕಸಿ ಗಿಡ ಮಾಡಲು ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ರೈತರಿಗೇ. ಮರವೂ ಅವರದ್ದೇ. ಇದೇ ತರಹ ಮಲಿಹಾಬಾದಿನಲ್ಲೂ ಆಗಲಿ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಿಂದ ಇದೆ, ಅದರ ಪ್ರಾಧಿಕಾರವೂ ನಿಮ್ಮ ಸಚಿವಾಲಯದ್ದೇ. ಆ ಕುಟುಂಬ ಹುಟ್ಟಿಸಿದ ತಳಿಗಳಲ್ಲಿ ನೋಂದಣಿಯಾಗದೆ ಉಳಿದ ಪ್ರತಿಯೊಂದನ್ನೂ ಅವರ ಹೆಸರಿನಲ್ಲಿ ನೋಂದಾಯಿಸಲು ಅಧಿಕಾರಿಗಳೇ ಅರ್ಜಿ ಹಿಡಿದು ಅವರ ಮನೆಗೆ ಹೋಗಲಿ. 80 ದಾಟಿದ ಹಿರಿಯರನ್ನು ಕಚೇರಿಯಿಂದ ಕಚೇರಿಗೆ ಅಲೆಸಬಾರದು.

ಇನ್ನು ಊರಿನ ಮಾತು. ದೇವನಹಳ್ಳಿ ಹತ್ತಿರ ನಲ್ಲೂರಿನಲ್ಲಿ ಹಳೇ ಹುಣಸೆ ತೋಪು ಇದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು, ದೇಶದಲ್ಲೇ ಅದು ಮೊದಲನೆಯದು. ಮಲಿಹಾಬಾದಿನ ಹಳೇ ತೋಟಗಳಿಗೂ, ದಶೇರಿಯ ತಾಯಿಮರಕ್ಕೂ, ಈ ಬಹುತಳಿ ಮರಕ್ಕೂ ಅಂಥದ್ದೊಂದು ರಕ್ಷಣೆ ಸಿಗಬೇಕು. ಘೋಷಣೆ ಮಾಡುವುದು ರಾಜ್ಯ ಸರ್ಕಾರ, ಕಾಯ್ದೆ ಪರಿಸರ ಸಚಿವಾಲಯದ್ದು ಎಂದು ನನಗೆ ಗೊತ್ತು. ಆದರೆ ನೀವು ಮಾತಾಡಿದರೆ ಅವರು ಕೇಳುತ್ತಾರೆ. ತೋಟಗಳ ಸುತ್ತ ಇಟ್ಟಿಗೆ ಗೂಡು, ನಿವೇಶನಗಳಿಗೆ ಕಡಿವಾಣ ಹಾಕುವ ಬಗ್ಗೆಯೂ ಅದೇ ಹೊತ್ತಿನಲ್ಲಿ ಮಾತಾಡಿ.

ಕೊನೆಯದಾಗಿ ಕೈಗಳ ಬಗ್ಗೆ. ನನ್ನ ನರ್ಸರಿಯಲ್ಲಿ ಕಸಿ ಕಲಿಯಲು ಬರುವ ಹುಡುಗರು ಕಡಿಮೆಯಾಗಿದ್ದಾರೆ. ಬಂದವರೂ ಬುಡಗಿಡಕ್ಕೆ ಕಡ್ಡಿ ಕಟ್ಟುವುದು ಕಲಿಯುತ್ತಾರೆ, ದೊಡ್ಡ ಮರದ ಕೊಂಬೆ ಕಡಿದು, ಬಂದ ಚಿಗುರಿಗೆ ಬೇರೆ ತಳಿ ಕಟ್ಟಿ ಬೆಳೆಸುವುದು ಕಲಿಯುವವರು ಅಪರೂಪ. ಆ ಮರವನ್ನು ಸಾಕುವುದಕ್ಕೆ ಬೇಕಾದದ್ದು ಈ ಎರಡನೇ ವಿದ್ಯೆ. ವರ್ಷಕ್ಕೆ ಹತ್ತು ಜನ ಯುವಕ ಯುವತಿಯರನ್ನು ಬೇರೆ ಬೇರೆ ರಾಜ್ಯಗಳಿಂದ ಆರಿಸಿ, ಊಟ ವಸತಿ ಕೊಟ್ಟು, ಮಲಿಹಾಬಾದಿನಲ್ಲಿ ಒಂದು ಮಳೆಗಾಲ ಇರಿಸಿ. ಕಲಿಸಿದ ಕುಟುಂಬಕ್ಕೆ ಗೌರವಧನ ಕೊಡಿ. ನಮ್ಮ ತಾಲ್ಲೂಕಿನಿಂದ ಇಬ್ಬರನ್ನು ಕಳಿಸುವ ಹೊಣೆ ನನ್ನದು.

ನನ್ನ ಕಡೆಯಿಂದ ಇನ್ನೂ ಒಂದು ಮಾತು ಕೊಡುತ್ತೇನೆ. ಆ ಕುಟುಂಬ ಒಪ್ಪಿ, ನಿಮ್ಮ ಸಂಸ್ಥೆಯ ಮೂಲಕ ಕಡ್ಡಿ ಕಳಿಸಿದರೆ, ಹತ್ತು ತಳಿಗಳನ್ನು ನನ್ನ ತೋಟದಲ್ಲಿ ಬೆಳೆಸಿ ಕಾಪಾಡುತ್ತೇನೆ. ಮಾರುವುದಿಲ್ಲ. ಕೇಳಿದಾಗ ವಾಪಸ್ ಕಡ್ಡಿ ಕೊಡುತ್ತೇನೆ. ನನ್ನಂಥ ಮೂವತ್ತು ಬೆಳೆಗಾರರು ಕರ್ನಾಟಕದಲ್ಲೇ ಸಿಗುತ್ತಾರೆ, ಹುಡುಕುವ ಕೆಲಸವನ್ನು ನಮಗೇ ಬಿಡಿ. ತಾತನ ಮರದ ರಸ್ತೆ ಕಡೆಯ ಜಾಗ ಈಗಲೂ ಖಾಲಿ ಇದೆ, ಅಲ್ಲಿ ಎರಡು ಬುಡಗಿಡ ನೆಟ್ಟಿದ್ದೇನೆ. ಈ ಮಳೆಗಾಲಕ್ಕೆ ಅವು ಪೆನ್ಸಿಲ್ ದಪ್ಪ ಆಗುತ್ತವೆ. ಕಸಿ ಕಟ್ಟಲು ಅದು ಸರಿಯಾದ ಹದ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಒಬ್ಬ ಮಾವು ಬೆಳೆಗಾರ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ